ಹಿತ್ತಲಿಗೆ ಬಂದ ಕರಡಿ, ಮರಕ್ಕೆ ಕಟ್ಟಿದ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಅಮೆರಿಕದ ಊರಂಚಿನ ಬಡಾವಣೆಗಳಿಗೆ ಕಪ್ಪು ಕರಡಿ ಬರೋದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅಲ್ಲೇ ನೆಲೆಸಿರೋರು, ಮಕ್ಕಳ ಮನೆಗೆ ಅಂತ ಹೋಗಿ ಆರು ತಿಂಗಳು ಇದ್ದು ಬರೋ ಅಪ್ಪ ಅಮ್ಮಂದಿರು, ಇಲ್ಲಿ ಕಾಲೇಜಲ್ಲಿ ಓದ್ತಿರೋ ಹುಡುಗರು, ಎಲ್ಲರೂ ಬರೆದಿದ್ದೀರಿ, ಮತ್ತೆ ಹೆಚ್ಚಿನವರು ಕೇಳಿರೋದು ತಾನಾಗೇ ಫೋಟೋ ತೆಗೆಯೋ ಟ್ರೇಲ್ ಕ್ಯಾಮೆರಾ ಬಗ್ಗೆ. ನಾನು ನಾರ್ತ್ ಕೆರೊಲಿನಾದ ಬೆಟ್ಟದ ಸೀಮೆಲಿ ಇದ್ದ ನಾಲ್ಕು ವರ್ಷ ಇಂಥ ಕ್ಯಾಮೆರಾಗಳ ಕಾರ್ಡ್ ಬದಲಾಯಿಸೋದು, ಫೋಟೋ ವಿಂಗಡಿಸೋದು ಇಂಥ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗ್ತಿದ್ದೆ. ಆ ಅನುಭವ, ಅಲ್ಲಿನ ವನ್ಯಜೀವಿ ವಿಜ್ಞಾನಿಗಳು ಕಂಡುಕೊಂಡಿರೋದು, ಎರಡನ್ನೂ ಸೇರಿಸಿ ಉತ್ತರ ಕೊಡ್ತಿದೀನಿ.

ಪ್ರಶ್ನೆ: ನಾವಿಬ್ಬರೂ ಮಗನ ಮನೆಗೆ ಬಂದು ಎರಡು ತಿಂಗಳಾಯ್ತು, ನ್ಯೂಜೆರ್ಸಿಯ ಮಾರಿಸ್ ಕೌಂಟಿ. ಎರಡು ಸಲ ಬೆಳಗ್ಗೆ ಎದ್ದು ನೋಡಿದ್ರೆ ಕಸದ ಡಬ್ಬ ಮಗುಚಿ ಬಿದ್ದಿತ್ತು, ಪಕ್ಕದ ಮನೆಯವರು ಕರಡಿ ಅಂದ್ರು. ಮಗ ಕ್ಯಾಮೆರಾ ತಂದು ಮರಕ್ಕೆ ಕಟ್ಟಿದ. ಒಂದು ವಾರಕ್ಕೆ 900 ಫೋಟೋ ಬಂದಿವೆ, ಒಂದರಲ್ಲೂ ಕರಡಿ ಇಲ್ಲ, ಬರೀ ಗಿಡದ ಕೊಂಬೆ ಮತ್ತೆ ನಮ್ಮ ಕಾರು. ಎಲ್ಲಿ ತಪ್ಪಿದ್ವಿ? (ನಿವೃತ್ತ ಶಿಕ್ಷಕರು, ಸದ್ಯ ನ್ಯೂಜೆರ್ಸಿ)

ಉತ್ತರ: ಮೇಷ್ಟ್ರೇ, ಮೊದಲ ವಾರ ಎಲ್ಲರಿಗೂ ಬರೋದು ಕೊಂಬೆನೇ. ಆ ಡಬ್ಬಿ ಒಳಗಿರೋ ಸೆನ್ಸರ್ ನಮ್ಮ ಕಣ್ಣಿನ ಹಾಗೆ ಪ್ರಾಣಿ ಗುರುತಿಸಲ್ಲ, ಅದರ ಮುಂದೆ ಶಾಖ ಇರೋ ವಸ್ತು ಒಂದು ಜಾಗದಿಂದ ಇನ್ನೊಂದಕ್ಕೆ ಸರಿದ್ರೆ ಆ ವ್ಯತ್ಯಾಸ ಹಿಡಿದು ಫೋಟೋ ತೆಗೆಯತ್ತೆ. ಬಿಸಿಲಿಗೆ ಕಾದ ಕೊಂಬೆ ಗಾಳಿಗೆ ಅಲ್ಲಾಡಿದ್ರೂ ಅದಕ್ಕೆ ಒಂದೇ, ಈಗ ತಾನೇ ಆಫ್ ಮಾಡಿದ ಕಾರಿನ ಬಾನೆಟ್ ಆದ್ರೂ ಒಂದೇ. ಅದಕ್ಕೆ ಮೊದಲು ಕತ್ತರಿ ತಗೊಂಡು ಕ್ಯಾಮೆರಾ ಮುಂದೆ ಎರಡು ಮೂರು ಮೀಟರ್ ವರೆಗೂ ಹುಲ್ಲು, ಎಲೆ, ತೂಗಾಡೋ ಟೊಂಗೆ ಎಲ್ಲಾ ತೆಗೆಸಿ. ಆಮೇಲೆ ಮುಖ ಉತ್ತರಕ್ಕೆ ತಿರುಗಿಸಿ, ಪೂರ್ವ ಪಶ್ಚಿಮಕ್ಕೆ ಇಟ್ರೆ ಬೆಳಗ್ಗೆ ಸಂಜೆ ಸೂರ್ಯ ನೇರ ಹೊಡೆದು ಫೋಟೋ ಬೆಳ್ಳಗಾಗತ್ತೆ, ಕರಡಿ ಓಡಾಡೋದು ಜಾಸ್ತಿ ಅದೇ ಹೊತ್ತಲ್ಲಿ.

ಎತ್ತರದ ವಿಷಯಕ್ಕೆ ಬಂದ್ರೆ, ನೀವು ಕಳಿಸಿರೋ ಫೋಟೋ ನೋಡಿದ್ರೆ ಮಗ ತನ್ನ ಎದೆಮಟ್ಟಕ್ಕೆ ಕಟ್ಟಿದಾರೆ ಅನ್ಸತ್ತೆ. ಕಪ್ಪು ಕರಡಿ ನಾಲ್ಕು ಕಾಲಲ್ಲಿ ನಿಂತಾಗ ಭುಜದ ಹತ್ರ ಸುಮಾರು 70ರಿಂದ 100 ಸೆಂಟಿಮೀಟರ್ ಅಷ್ಟೇ ಇರತ್ತೆ, ನಾವು ಮನಸ್ಸಲ್ಲಿ ಅಂದ್ಕೊಳ್ಳೋವಷ್ಟು ಎತ್ತರ ಇಲ್ಲ. ಅದಕ್ಕೆ ಮೂರು ಅಡಿಗೆ ಇಳಿಸಿ, ಡಬ್ಬದಿಂದ ನಾಲ್ಕೈದು ಮೀಟರ್ ದೂರ ಇರಲಿ, ಕರಡಿ ಬರೋ ದಾರಿಗೆ ನೇರ ಎದುರಿಗೆ ಇಡದೆ ಸ್ವಲ್ಪ ಓರೆಯಾಗಿಡಿ. ಯಾಕಂದ್ರೆ ಈ ಸೆನ್ಸರ್‌ಗೆ ಅಡ್ಡ ಹಾಯ್ದು ಹೋಗೋದು ಚೆನ್ನಾಗಿ ಗೊತ್ತಾಗತ್ತೆ, ನೇರ ಎದುರಿಗೆ ನಡೆದು ಬರೋದು ತಡವಾಗಿ ಗೊತ್ತಾಗತ್ತೆ. ಕಟ್ಟಿದ ಮೇಲೆ ಮಗನಿಗೆ ಹೇಳಿ ಕರಡಿ ಬರೋ ದಾರಿಲೇ ಬಗ್ಗಿ, ಕೈ ನೆಲಕ್ಕೆ ಊರ್ಕೊಂಡು ನಡೆದು ಬರಲಿ, ಫೋಟೋದಲ್ಲಿ ತಲೆ ಬೆನ್ನು ಎರಡೂ ಬಂತಾ ನೋಡಿ. ನಾವು ಪ್ರತಿ ಕ್ಯಾಮೆರಾಗೂ ಹೀಗೇ ಮಾಡ್ತಿದ್ವಿ, ಇದನ್ನ ಬಿಟ್ಟ ಕ್ಯಾಮೆರಾಲೇ ಬರೀ ಬೆನ್ನಿನ ತುದಿ ಸಿಕ್ತಿತ್ತು.

ಇನ್ನೆರಡು ಸಣ್ಣ ವಿಷಯ. ಗ್ಯಾರೇಜ್ ಬಾಗಿಲು ಬಿಳಿ ಇದ್ರೆ ರಾತ್ರಿ ಕ್ಯಾಮೆರಾ ಬಿಡೋ, ಹೆಚ್ಚುಕಮ್ಮಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಕರಡಿ ಮುಖನೇ ಕಾಣಲ್ಲ, ಹಿನ್ನೆಲೆಲಿ ಪೊದೆ ಇರೋ ಹಾಗೆ ನೋಡ್ಕೊಳ್ಳಿ. ತಾರೀಖು, ಗಂಟೆ ಸರಿಯಾಗಿ ಸೆಟ್ ಮಾಡಿ, ಅದು ತಪ್ಪಿದ್ರೆ ಫೋಟೋ ಚೆನ್ನಾಗಿದ್ರೂ ಅರ್ಧ ಮಾಹಿತಿ ಹೋಯ್ತು ಅಂತಾನೇ ಲೆಕ್ಕ.

ಗಂಟೆ ಯಾಕೆ ಮುಖ್ಯ ಅಂತ ಒಂದು ರಾತ್ರಿ ಕಥೆ ಹೇಳ್ತೀನಿ. ಒಂದು ಬಡಾವಣೆಲಿ ನಾವಿಟ್ಟಿದ್ದ ಕ್ಯಾಮೆರಾಲಿ 2 ಗಂಟೆ 14 ನಿಮಿಷಕ್ಕೆ ಮೊದಲ ಫೋಟೋ, ಅಂಚಲ್ಲಿ ಬರೀ ಒಂದು ಕಿವಿ. ಆಮೇಲೆ ಹೆಣ್ಣು ಕರಡಿ ಪೂರ್ತಿ ಬಂತು, ರಸ್ತೆ ಬದಿ ಸಾಲಾಗಿ ಮೂರು ಮನೆ, ಮೊದಲ ಎರಡು ಮನೆ ಮುಂದೆ ನಿಲ್ಲಲೇ ಇಲ್ಲ, ಮೂಗು ಕೂಡ ಎತ್ತಲಿಲ್ಲ. ಮೂರನೇ ಮನೆ ಡಬ್ಬದ ಮುಚ್ಚಳದ ಮೇಲೆ ಮುಂಗಾಲಿಟ್ಟು ಮೈ ಭಾರ ಹಾಕ್ತು, ಡಬ್ಬ ಮಗುಚ್ತು, ಚೀಲ ಎಳ್ಕೊಂಡು ಎರಡು ಹಿಂಗಾಲಿನ ಮಧ್ಯೆ ಇಟ್ಕೊಂಡು ಮಗು ಕೂತ ಹಾಗೆ ಕೂತು ತಿಂತು. 2 ಗಂಟೆ 31ಕ್ಕೆ ವರಾಂಡದ ಲೈಟ್ ಹತ್ತಿದೆ, ಅದು ಲೈಟ್ ಕಡೆ ತಿರುಗಿ ನೋಡಿದೆ, ಮುಂದಿನ ಫೋಟೋ ಖಾಲಿ. ಮಾರನೇ ದಿನ ಹೋಗಿ ಕೇಳಿದ್ರೆ ಮೊದಲ ಎರಡು ಮನೆಯವರು ಕಸದ ಗಾಡಿ ಬರೋ ದಿನ ಬೆಳಗ್ಗೆನೇ ಡಬ್ಬ ಆಚೆ ಇಡೋರು, ಮೂರನೇಯವರು ಹಿಂದಿನ ಸಂಜೆನೇ ಇಡೋರು. ಆ ಕರಡಿಗೆ ಅದು ಗೊತ್ತಿತ್ತು. ಅದಕ್ಕೇ ನಿಮಗೆ ಹೇಳೋದು, ಕರಡಿ ಮುಖ ಚೆನ್ನಾಗಿ ಬಂತಾ ಅಂತ ನೋಡೋ ಮುಂಚೆ ಅದು ಯಾವ ಹೊತ್ತಿಗೆ ಬಂತು, ಯಾವ ವಾರ ಬಂತು, ಮೊದಲು ಎಲ್ಲಿಗೆ ಹೋಯ್ತು ಅನ್ನೋದು ಬರೆದಿಟ್ಕೊಳ್ಳಿ. ನಿಮ್ಮ ಡಬ್ಬ ರಾತ್ರಿ ಗ್ಯಾರೇಜ್ ಒಳಗೆ ಇಟ್ಟು ಎರಡು ವಾರ ನೋಡಿ, ಫೋಟೋ ಸಂಖ್ಯೆ ಇಳಿಯತ್ತೆ ಅಂತ ನನ್ನ ನಂಬಿಕೆ.

ಪ್ರಶ್ನೆ: ನಮಸ್ಕಾರ್ರೀ ಮೇಡಂ, ನಾ ಧಾರವಾಡದಾಗ ಬಿಎಸ್ಸಿ ಓದಾಕತ್ತೀನಿ. ಕ್ಯಾಮೆರಾ ಇಟ್ಟು ಹುಲಿ ಎಣಿಸ್ತಾರಲ್ರೀ, ಹಂಗ ಅಮೆರಿಕದಾಗ ಕರಡಿ ಎಣಿಸಾಕ ಯಾಕ ಆಗಂಗಿಲ್ಲ? (ಪ್ರಾಣಿಶಾಸ್ತ್ರ ವಿದ್ಯಾರ್ಥಿ, ಧಾರವಾಡ)

ಉತ್ತರ: ಬಹಳ ಒಳ್ಳೇ ಪ್ರಶ್ನೆ, ಇದೇ ಈ ಇಡೀ ಕೆಲಸದ ಕಷ್ಟದ ಗಂಟು. ಹುಲಿ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಒಂದರ ಹಾಗೆ ಇನ್ನೊಂದು ಇರಲ್ಲ, 1990ರ ದಶಕದಲ್ಲಿ ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಲಿ ಕ್ಯಾಮೆರಾ ಇಟ್ಟು ಲೆಕ್ಕ ಹಾಕಿದ್ದು ಆ ಪಟ್ಟೆ ನಂಬಿಕೊಂಡೇ. ಕಪ್ಪು ಕರಡಿ ಮೈ ಮೇಲೆ ಏನೂ ಬರೆದಿಲ್ಲ. ಕೆಲವಕ್ಕೆ ಎದೆ ಮೇಲೆ ಬಿಳಿ ಮಚ್ಚೆ ಇರತ್ತೆ, ಅದು ಕಾಣಬೇಕಂದ್ರೆ ಕರಡಿ ಎದ್ದು ನಿಲ್ಲಬೇಕು, ಅದೂ ಕ್ಯಾಮೆರಾ ಕಡೆ ಮುಖ ಮಾಡಿ. ಗಾತ್ರ ನೋಡಿ ಗುರುತಿಸೋಣ ಅಂದ್ರೆ ಜೂನ್‌ನಲ್ಲಿ ಬಡಕಲಾಗಿ ಕಾಣೋ ಕರಡಿ ಅಕ್ಟೋಬರ್‌ನಲ್ಲಿ ದುಂಡಗೆ ಆಗಿ ಬೇರೆ ಪ್ರಾಣಿ ಥರ ಕಾಣತ್ತೆ. ಬಣ್ಣನೂ ನಂಬೋ ಹಾಗಿಲ್ಲ, ಹೆಸರಿಗೆ ಕಪ್ಪು ಕರಡಿ, ಆದ್ರೆ ಪಶ್ಚಿಮದ ರಾಜ್ಯಗಳಲ್ಲಿ ಕಂದು, ದಾಲ್ಚಿನ್ನಿ ಬಣ್ಣದವೂ ಅದೇ ಜಾತಿಯವೇ.

ಇದರಿಂದ ಎಂಥ ಎಡವಟ್ಟಾಗತ್ತೆ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಹತ್ರ ನಡೆದಿದ್ದು ನೋಡು. 2022ರ ಶುರುವಲ್ಲಿ ಅಲ್ಲಿ ಮನೆಗಳಿಗೆ ನುಗ್ಗಿ ತಿಂತಿದ್ದ ದೊಡ್ಡ ಕರಡಿಗೆ ಜನ ಹ್ಯಾಂಕ್ ದಿ ಟ್ಯಾಂಕ್ ಅಂತ ಹೆಸರಿಟ್ಟು ಎಲ್ಲಾ ತಪ್ಪನ್ನೂ ಅದರ ತಲೆಗೇ ಕಟ್ಟಿದ್ರು, ಅದನ್ನ ಕೊಲ್ಲಬೇಕಾಗಬಹುದು ಅನ್ನೋ ಮಾತೂ ಬಂತು. ಆಮೇಲೆ ಡಿಎನ್ಎ ಪರೀಕ್ಷೆ ಮಾಡಿದ್ರೆ ಆ ಮನೆಗಳಿಗೆ ನುಗ್ಗಿದ್ದು ಕನಿಷ್ಠ ಮೂರು ಬೇರೆ ಬೇರೆ ಕರಡಿ ಅಂತ ಗೊತ್ತಾಯ್ತು. 2023ರ ಆಗಸ್ಟ್‌ನಲ್ಲಿ ಕೊನೆಗೆ ಹಿಡಿದ ಕರಡಿ ಹೆಣ್ಣು, ಜೊತೆಗೆ ಮೂರು ಮರಿ. ಕನಿಷ್ಠ 21 ಮನೆಗೆ ನುಗ್ಗಿದ್ದು ಅದೇ ಅಂತ ಡಿಎನ್ಎ ಹೇಳ್ತು, ಅದನ್ನ ಕೊಲ್ಲದೆ ಕೊಲೊರಾಡೋದ ಒಂದು ಪ್ರಾಣಿಧಾಮಕ್ಕೆ ಕಳಿಸಿದ್ರು. ಬರೀ ಕಣ್ಣಂದಾಜು ನಂಬಿದ್ರೆ ಒಂದರ ತಪ್ಪಿಗೆ ಇನ್ನೊಂದು ಸಾಯ್ತಿತ್ತು ಅಲ್ವಾ? ನನಗೆ ಇವತ್ತಿಗೂ ಅದು ನೆನೆದ್ರೆ ಮನಸ್ಸು ಒಂಥರಾ ಆಗತ್ತೆ.

ಹಾಗಾಗಿ ಸಂಖ್ಯೆ ಬೇಕು ಅಂದ್ರೆ ಕ್ಯಾಮೆರಾ ಜೊತೆ ಬೇರೆ ದಾರಿನೂ ಸೇರಿಸ್ತಾರೆ. ಮರಗಳ ಸುತ್ತ ಮುಳ್ಳುತಂತಿ ಸುತ್ತಿ ನಡುವೆ ವಾಸನೆ ಇರೋ ಏನಾದ್ರೂ ಇಡ್ತಾರೆ, ತಿನ್ನೋಕೆ ಸಿಗಲ್ಲ ಬರೀ ವಾಸನೆ, ಕರಡಿ ತಂತಿ ದಾಟುವಾಗ ನಾಲ್ಕು ಕೂದಲು ಸಿಕ್ಕಿಕೊಳ್ಳತ್ತೆ, ಆ ಕೂದಲ ಬೇರಿಂದ ಡಿಎನ್ಎ ತೆಗೆದು ಯಾವ ಕರಡಿ, ಗಂಡಾ ಹೆಣ್ಣಾ ಅಂತ ಹೇಳ್ತಾರೆ. ಕುತ್ತಿಗೆಗೆ ಕಾಲರ್ ಪಟ್ಟಿ ಅಥವಾ ಕಿವಿಗೆ ಬಣ್ಣದ ಟ್ಯಾಗ್ ಹಾಕಿದ ಕರಡಿ ಫೋಟೋಲಿ ಬಂದ್ರೆ ಗುರುತಿದ್ದದ್ದು ಎಷ್ಟು ಸಲ, ಇಲ್ಲದ್ದು ಎಷ್ಟು ಸಲ ಅನ್ನೋ ಪ್ರಮಾಣದ ಮೇಲೆ ಒಟ್ಟು ಸಂಖ್ಯೆ ಅಂದಾಜು ಮಾಡಬಹುದು. ಎರಡೂ ಇಲ್ಲದಿದ್ರೆ ಎಣಿಸೋ ಆಸೆ ಬಿಟ್ಟು ಬೇರೆ ಪ್ರಶ್ನೆ ಕೇಳ್ತಾರೆ: ಇಟ್ಟ ಕ್ಯಾಮೆರಾಗಳಲ್ಲಿ ಎಷ್ಟರಲ್ಲಿ ಕರಡಿ ಬಂತು, ಎಷ್ಟು ರಾತ್ರಿ ಬಂತು, ರಸ್ತೆ ಹತ್ರ ಜಾಸ್ತಿನಾ ಹಳ್ಳದ ಹತ್ರ ಜಾಸ್ತಿನಾ. ಅದಕ್ಕೆ ಯಾವ ಕರಡಿ ಅಂತ ಗೊತ್ತಿರಬೇಕಾಗಿಲ್ಲ, ಮತ್ತೆ ಬಡಾವಣೆಗೆ ಬೇಕಾಗಿರೋದೂ ಇಂಥ ಉತ್ತರನೇ.

ಫೋಟೋ ಸಂಖ್ಯೆ ಕರಡಿ ಸಂಖ್ಯೆ ಅಲ್ಲ ಅನ್ನೋದಕ್ಕೆ ಇನ್ನೊಂದು ಉದಾಹರಣೆ, ಕೊಲೊರಾಡೋದ ಬೌಲ್ಡರ್ ನಗರದ್ದು. ಅಲ್ಲಿ ನಗರದ ಬಯಲು ಕಾಡಲ್ಲಿಟ್ಟಿದ್ದ ಒಂದು ಕ್ಯಾಮೆರಾಲಿ ಒಟ್ಟು ಸುಮಾರು 580 ಫೋಟೋ ಇದ್ದವು, ಅದರಲ್ಲಿ ಹತ್ತಿರ ಹತ್ತಿರ 400 ಒಂದೇ ಕರಡಿದು, ಮುಖ ತಂದು ಲೆನ್ಸಿಗೆ ಇಟ್ಟಿದ್ದು. 2023ರ ಶುರುವಲ್ಲಿ ಆ ಚಿತ್ರಗಳು ಪ್ರಪಂಚ ಎಲ್ಲಾ ಓಡಾಡಿದ್ವು.

ಕಂಪ್ಯೂಟರ್ ಕೈಲಿ ಮುಖ ಗುರುತಿಸೋ ಪ್ರಯತ್ನನೂ ನಡೆದಿದೆ. 2020ರಲ್ಲಿ ಅಲಾಸ್ಕಾ ಮತ್ತೆ ಬ್ರಿಟಿಷ್ ಕೊಲಂಬಿಯಾದ 132 ಕಂದು ಕರಡಿಗಳ ಫೋಟೋ ಕೊಟ್ಟು ಕಲಿಸಿದಾಗ ಅದು ಸುಮಾರು ನೂರಕ್ಕೆ 84 ಸಲ ಸರಿಯಾಗಿ ಹೇಳ್ತು. ಆದ್ರೆ ಅವು ಹಗಲಲ್ಲಿ ನದಿಲಿ ನಿಂತು ಮೀನು ಹಿಡಿಯೋ ಬೇರೆ ಜಾತಿ ಕರಡಿ, ಒಳ್ಳೇ ಕ್ಯಾಮೆರಾ, ಒಳ್ಳೇ ಬೆಳಕು. ನಮ್ಮ ರಾತ್ರಿ ಫೋಟೋದ ಬೂದು ಮುದ್ದೆಗೆ ಅದೇ ಫಲ ನಿರೀಕ್ಷೆ ಮಾಡೋ ಹಾಗಿಲ್ಲ. ಸದ್ಯಕ್ಕೆ ಕಂಪ್ಯೂಟರ್ ನಿಜವಾಗ್ಲೂ ಕೈ ಹಿಡಿದಿರೋದು ಖಾಲಿ ಫೋಟೋ ತೆಗೆದುಹಾಕೋ ಕೆಲಸದಲ್ಲಿ. ಮೆಗಾಡಿಟೆಕ್ಟರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಪ್ರಾಣಿ, ಮನುಷ್ಯ, ವಾಹನ, ಖಾಲಿ ಅಂತ ಬೇರೆ ಮಾಡಿ ಕೊಡತ್ತೆ. ನೀನು ಈ ದಾರಿಲಿ ಮುಂದೆ ಹೋಗಬೇಕು ಅಂತಿದ್ರೆ ಅದರಿಂದಾನೇ ಶುರು ಮಾಡು, ಫೋಟೋ ಯಾವ ಊರಿನ ಪ್ರಾಣಿದಾದ್ರೂ ಪರವಾಗಿಲ್ಲ.

ಪ್ರಶ್ನೆ: ನಾವು ಕನೆಕ್ಟಿಕಟ್‌ನಲ್ಲಿದೀವಿ. ಒಂದು ತಾಯಿ ಕರಡಿ ಮೂರು ಮರಿ ಕರ್ಕೊಂಡು ಹಿತ್ತಲಿಗೆ ಬರತ್ತೆ, ಮಗಳು ಆರನೇ ಕ್ಲಾಸು, ಸ್ಕೂಲ್ ಪ್ರಾಜೆಕ್ಟ್‌ಗೆ ಅಂತ ವಿಡಿಯೋ ಮಾಡ್ತಿದಾಳೆ. ಕ್ಯಾಮೆರಾ ಮುಂದೆ ಸ್ವಲ್ಪ ಕಡಲೆಬೀಜ ಹಾಕಿದ್ರೆ ನಿಲ್ಲತ್ವೆ, ಚೆನ್ನಾಗಿ ಬರತ್ತೆ ಅಂತ ಪರಿಚಯದವರು ಹೇಳಿದ್ರು. ಹಾಕಬಹುದಾ? (ಗೃಹಿಣಿ, ಕನೆಕ್ಟಿಕಟ್)

ಉತ್ತರ: ದಯವಿಟ್ಟು ಹಾಕಬೇಡಿ. ಒಂದು ಹಿಡಿನೂ ಬೇಡ. ನಿಮ್ಮ ರಾಜ್ಯದಲ್ಲಿ ಬೇಕಂತಲೇ ಕರಡಿಗೆ ತಿನ್ನೋಕೆ ಹಾಕೋದನ್ನ 2023ರಲ್ಲಿ ಕಾನೂನು ಮಾಡಿ ನಿಷೇಧಿಸಿದಾರೆ, ನ್ಯೂಜೆರ್ಸಿಲೂ ನಿಷೇಧ ಇದೆ, ಅಲ್ಲಿ 1,000 ಡಾಲರ್ ವರೆಗೆ ದಂಡ. ಕಾನೂನು ಒಂದು ಕಡೆ ಇರಲಿ, ಆ ಮೂರು ಮರಿ ಬಗ್ಗೆ ಯೋಚನೆ ಮಾಡಿ. ಮರಿಗಳು ತಾಯಿ ಜೊತೆ ಒಂದೂವರೆ ವರ್ಷದ ಹತ್ತಿರ ಇರತ್ವೆ, ಯಾವ ಹಣ್ಣು ಯಾವಾಗ, ಯಾವ ಮರದ ಕಾಯಿ ಎಲ್ಲಿ ಅನ್ನೋ ಪಾಠ ಎಲ್ಲಾ ಆ ಅವಧಿಲೇ. ಆಗ ತಾಯಿ ಅವನ್ನ ಮನೆ ಹಿತ್ತಲಿಗೆ ಕರ್ಕೊಂಡು ಬಂದು ಕಡಲೆಬೀಜ ತಿನ್ನಿಸಿದ್ರೆ ಅದೇ ಪಾಠ ಆಗತ್ತೆ. ನಾಳೆ ಬೇರೆ ಯಾರದೋ ಹಿತ್ತಲಲ್ಲಿ ಅದೇ ಮರಿ ಕಿಟಕಿ ಜಾಲರಿ ಕಿತ್ತಾಗ ನಷ್ಟ ಅದರ ಪ್ರಾಣಕ್ಕೆ.

ನಾರ್ತ್ ಕೆರೊಲಿನಾದ ಆಶ್ವಿಲ್ ಊರಲ್ಲಿ 2014ರಿಂದ ಕರಡಿಗಳಿಗೆ ಕಾಲರ್ ಹಾಕಿ ಅಧ್ಯಯನ ಮಾಡಿದಾರೆ, ಅಲ್ಲಿನ ವನ್ಯಜೀವಿ ಆಯೋಗ ಮತ್ತೆ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಸೇರಿ. ಊರೊಳಗೆ ಬೆಳೆದ ಒಂದು ವರ್ಷದ ಹೆಣ್ಣು ಕರಡಿ ಕಾಡಲ್ಲಿ ಬೆಳೆದ ಅದೇ ವಯಸ್ಸಿನದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ತೂಕ ಇತ್ತು! ಊರಿನವು ಕೆಲವು ಎರಡೇ ವರ್ಷಕ್ಕೆ ಮರಿ ಹಾಕಿದ್ವು, ಕಾಡಿನವು ಒಂದೂ ಇಲ್ಲ. ಕೇಳೋಕೆ ಒಳ್ಳೇದೇ ಅಲ್ವಾ ಅನ್ಸಬಹುದು. ಆದ್ರೆ ಊರು ಅಂದ್ರೆ ರಸ್ತೆ, ಕಾರು, ನಾಯಿ, ಹೆದರಿಕೊಂಡ ಜನ. ಕೊಲೊರಾಡೋದ ಡುರಾಂಗೋ ಊರಿನ ಸುತ್ತ ಇನ್ನೊಂದು ಅಧ್ಯಯನ ಆಗಿದೆ, ಮನುಷ್ಯರ ಆಹಾರ ಜಾಸ್ತಿ ತಿಂದ ಕರಡಿ ಚಳಿಗಾಲದ ನಿದ್ದೆನ ಕಡಿಮೆ ಮಾಡ್ತು, ನಿದ್ದೆ ಕಡಿಮೆ ಆದವಕ್ಕೆ ಜೀವಕೋಶ ಬೇಗ ಮುಪ್ಪಾಗೋ ಲಕ್ಷಣ ಕಂಡ್ತು. ಅದೇ ಡುರಾಂಗೋದಲ್ಲಿ ಕೆಲವು ಬಡಾವಣೆಗೆ ಕರಡಿ ಕೈಲಿ ತೆರೆಯೋಕೆ ಆಗದಂಥ 1,100ಕ್ಕೂ ಹೆಚ್ಚು ಕಸದ ಡಬ್ಬ ಹಂಚಿದ್ರು, ಆ ಬಡಾವಣೆಗಳಲ್ಲಿ ಕಸಕ್ಕೆ ಬರೋ ಕರಡಿ ಕಾಟ ಉಳಿದ ಕಡೆಗಿಂತ ನೂರಕ್ಕೆ 60ರಷ್ಟು ಕಡಿಮೆ ಆಯ್ತು. ಬರೀ ಡಬ್ಬ ಬದಲಾಯಿಸಿದ್ದಕ್ಕೆ!

ಮಗಳ ಪ್ರಾಜೆಕ್ಟ್ ನಿಲ್ಲಿಸಬೇಡಿ, ದಿಕ್ಕು ಬದಲಾಯಿಸಿ. ನಿಮ್ಮ ಹಿತ್ತಲಲ್ಲಿ ಹಕ್ಕಿಗೆ ಕಾಳು ಹಾಕೋ ಡಬ್ಬಿ ತೂಗುಹಾಕಿದೀರಾ? ಇದೆ ಅಂತಾನೇ ನನ್ನ ಅನುಮಾನ, ಅಮೆರಿಕದಲ್ಲಿ ಮನೆಗೊಂದು ಇರತ್ತೆ. ಸೂರ್ಯಕಾಂತಿ ಬೀಜದ ತಿರುಳು ಒಂದು ಕೆಜಿಗೆ 5,800 ಕ್ಯಾಲೊರಿ ಹತ್ತಿರ ಕೊಡತ್ತೆ. ಶರತ್ಕಾಲದಲ್ಲಿ ದಿನಕ್ಕೆ 20,000 ಕ್ಯಾಲೊರಿ ವರೆಗೂ ತಿನ್ನೋ ಪ್ರಾಣಿಗೆ ಕಾಡಲ್ಲಿ ಒಂದೊಂದೇ ಹಣ್ಣು ಕಿತ್ತು ತಿನ್ನೋದಕ್ಕೂ, ಇಲ್ಲಿ ಡಬ್ಬಿ ಬಗ್ಗಿಸಿ ಬಾಯಿಗೆ ಸುರ್ಕೊಳ್ಳೋದಕ್ಕೂ ವ್ಯತ್ಯಾಸ ನೀವೇ ನೋಡಿ. ಮಗಳಿಗೆ ಹೇಳಿ ಎರಡು ವಾರ ಕರಡಿ ಎಷ್ಟು ಸಲ ಬಂತು, ಬಂದಾಗ ಮೊದಲು ಯಾವುದರ ವಾಸನೆ ನೋಡ್ತು, ಎಷ್ಟು ನಿಮಿಷ ಇತ್ತು ಅಂತ ನೋಟ್‌ಬುಕ್ಕಲ್ಲಿ ಬರೆಯೋಕೆ, ಅರ್ಧ ಗಂಟೆ ಒಳಗೆ ಮತ್ತೆ ಬಂದ ಫೋಟೋ ಎಲ್ಲಾ ಒಂದೇ ಭೇಟಿ ಅಂತ ಎಣಿಸೋಕೆ. ಆಮೇಲೆ ಕಾಳಿನ ಡಬ್ಬಿ ಒಂದನ್ನೇ ಇಳಿಸಿ, ಬೇರೆ ಏನೂ ಮುಟ್ಟದೆ, ಇನ್ನೆರಡು ವಾರ ಹಾಗೇ ಬರೆಯಲಿ. ನಂತರ ಗ್ರಿಲ್ ಒಲೆಯ ಜಿಡ್ಡು ತೊಳೆದು ಒಳಗಿಡಿ, ನಾಯಿ ಬೆಕ್ಕಿನ ಊಟದ ತಟ್ಟೆ ಒಳಗೆ ತನ್ನಿ, ಮತ್ತೆ ನೋಡಲಿ. ಹೀಗೆ ಒಂದೊಂದಾಗಿ ತೆಗೆದ್ರೆ ಯಾವುದಕ್ಕೆ ಬರ್ತಿತ್ತು ಅಂತ ಅವಳಿಗೇ ಗೊತ್ತಾಗತ್ತೆ. ಕರಡಿ ಬರೋದು ನಿಂತುಹೋದ ದಿನ ಅವಳಿಗೆ ಬೇಜಾರಾಗಬಹುದು, ಆ ಖಾಲಿ ಫೋಟೋನೇ ಅವಳ ಪ್ರಾಜೆಕ್ಟ್‌ನ ಫಲಿತಾಂಶ ಅಂತ ಹೇಳಿ.

ಪ್ರಶ್ನೆ: ದುಡ್ಡು ಕೊಟ್ಟು ತಂದ ಕ್ಯಾಮೆರಾನ ಕರಡಿ ಕಚ್ಚಿ ನೆಲಕ್ಕೆ ಹಾಕಿದೆ, ಪಟ್ಟಿ ಕಿತ್ತುಹೋಗಿದೆ. ಅದಕ್ಕೆ ಅದರ ಮೇಲೆ ಏನು ಸಿಟ್ಟು? (ಸಾಫ್ಟ್‌ವೇರ್ ಎಂಜಿನಿಯರ್, ಕೊಲೊರಾಡೋ)

ಉತ್ತರ: ಸಿಟ್ಟಲ್ಲ, ಕುತೂಹಲ. ಕರಡಿ ಲೋಕ ನೋಡೋದು ಮೂಗಿಂದ, ಹೊಸ ಪ್ಲಾಸ್ಟಿಕ್, ರಬ್ಬರ್ ವಾಸನೆ, ಅದರ ಮೇಲೆ ನೀವು ತಿಂಡಿ ತಿಂದ ಕೈಲಿ ಮುಟ್ಟಿದ ವಾಸನೆ, ಎಲ್ಲಾ ಸೇರಿ ಅದಕ್ಕೆ ಹೊಸದಾಗಿ ಕಾಣತ್ತೆ, ಹೊಸದನ್ನ ಅದು ಪರೀಕ್ಷೆ ಮಾಡೋದು ಹಲ್ಲಿಂದಾನೇ. ಕೆಲವು ಕ್ಯಾಮೆರಾಲಿ ರಾತ್ರಿ ಸಣ್ಣ ಕೆಂಪು ಬೆಳಕು ಕಾಣತ್ತೆ, ಇನ್ಫ್ರಾರೆಡ್ ಬೆಳಕಿನ ಅಳತೆ 850 ನ್ಯಾನೋಮೀಟರ್ ಅಂತ ಬರೆದಿರೋದ್ರಲ್ಲಿ, ಅದೂ ಗಮನ ಸೆಳೆಯತ್ತೆ. 940ರದ್ದಲ್ಲಿ ಆ ಬೆಳಕು ಕಾಣಲ್ಲ, ಬದಲಿಗೆ ರಾತ್ರಿ ದೂರದ್ದು ಅಷ್ಟು ಚೆನ್ನಾಗಿ ಬರಲ್ಲ. ಉಕ್ಕಿನ ಪೆಟ್ಟಿಗೆ ಹಾಕಿಸಿ ಕೇಬಲ್ಲಲ್ಲಿ ಮರಕ್ಕೆ ಬಿಗಿಸಿ, ಕಟ್ಟೋ ಮುಂಚೆ ಗ್ಲೌಸ್ ಹಾಕ್ಕೊಳ್ಳಿ. ಇಲ್ಲಾಂದ್ರೆ ಹತ್ತು ಅಡಿ ಎತ್ತರಕ್ಕೆ ಕಟ್ಟಿ ಕೆಳಮುಖ ಮಾಡಿ, ಮರ ಹತ್ತೋ ಪ್ರಾಣಿ ಆದ್ರೂ ಕಣ್ಣೆದುರಿಗೆ ಇಲ್ಲದ್ದರ ಮೇಲೆ ಗಮನ ಕಡಿಮೆ. ಮೆಮೊರಿ ಕಾರ್ಡ್ ಬಿಸಾಕಬೇಡಿ, ಕಚ್ಚೋ ಮುಂಚಿನ ಫೋಟೋ ಎಲ್ಲಾ ಅದರಲ್ಲೇ ಇರತ್ತೆ, ಮೂತಿ ಅಷ್ಟು ಹತ್ತಿರದಿಂದ ಬೇರೆ ಯಾವಾಗ್ಲೂ ಸಿಗಲ್ಲ.

ಪ್ರಶ್ನೆ: ಮೊಮ್ಮಗನ್ನ ನೋಡ್ಕೊಳ್ಳೋಕೆ ಅಂತ ಮಗಳ ಮನೆಗೆ ಬಂದಿದೀನಿ, ಆಶ್ವಿಲ್ ಹತ್ರ. ಅಳಿಯ ಕ್ಯಾಮೆರಾಲಿ ಬಂದ ಕರಡಿ ಫೋಟೋ ತೋರಿಸಿದಾಗಿಂದ ಬೆಳಗಿನ ವಾಕಿಂಗ್ ಬಿಟ್ಟುಬಿಟ್ಟಿದೀನಿ. ನಮ್ಮೂರ ಕಡೆ ಕರಡಿ ಪರಚಿ ಸತ್ತವರನ್ನ ಕೇಳಿದೀನಿ, ಹೆದರಿಕೆ ಹೋಗ್ತಿಲ್ಲ. (ಬಳ್ಳಾರಿ ಜಿಲ್ಲೆಯ ಓದುಗರು)

ಉತ್ತರ: ಅಮ್ಮ, ನಿಮ್ಮ ಹೆದರಿಕೆ ಸುಳ್ಳಲ್ಲ. ದರೋಜಿ ಕಡೆಯ ನಮ್ಮ ಕರಡಿ ಬೇರೆ ಜಾತಿ, ಹುಲಿ ಚಿರತೆ ಜೊತೆ ಬದುಕಿ ಬಂದಿದ್ದು, ಹಠಾತ್ತನೆ ಎದುರಾದ್ರೆ ಮೇಲೆ ಬೀಳೋ ಸ್ವಭಾವ ಅದರದ್ದು. ಅಮೆರಿಕದ ಕಪ್ಪು ಕರಡಿ ಹೆದರಿದಾಗ ಮೊದಲು ಮಾಡೋದು ಮರ ಹತ್ತೋದು ಅಥವಾ ಓಡಿಹೋಗೋದು. ಅಮೆರಿಕ ಕೆನಡಾ ಸೇರಿ 1900ರಿಂದ 2009ರ ವರೆಗೆ ಕಾಡಿನ ಕಪ್ಪು ಕರಡಿಯಿಂದ ಸತ್ತವರು 63 ಜನ, ನೂರಕ್ಕೂ ಹೆಚ್ಚು ವರ್ಷದ ಲೆಕ್ಕ ಇದು. ಅದರಲ್ಲೂ ಹೆಚ್ಚಿನವು ಒಂಟಿ ಗಂಡು ಕರಡಿಯಿಂದ ಆಗಿದ್ದು, ಮರಿ ಇರೋ ತಾಯಿಯಿಂದ ಅಲ್ಲ. ಹಾಗಂತ ಹತ್ತಿರ ಹೋಗಬೇಡಿ, ಮರಿ ಮರದ ಮೇಲೆ ಕಂಡ್ರೆ ತಾಯಿ ಕೆಳಗೇ ಎಲ್ಲೋ ಇದೆ ಅಂತ ತಿಳ್ಕೊಂಡು ಬಂದ ದಾರಿಲೇ ಹಿಂದೆ ಸರಿಯಿರಿ.

ವಾಕಿಂಗ್ ಬಿಡಬೇಡಿ, ಹೊತ್ತು ಬದಲಾಯಿಸಿ. ಅಳಿಯಂದಿರ ಫೋಟೋದಲ್ಲಿ ಗಂಟೆ ಇದ್ದೇ ಇರತ್ತೆ, ಯಾವ ಹೊತ್ತಿಗೆ ಜಾಸ್ತಿ ಬಂದಿದೆ ನೋಡಿ ಆ ಹೊತ್ತು ಬಿಟ್ಟು ಚೆನ್ನಾಗಿ ಬೆಳಕಾದ ಮೇಲೆ ಹೋಗಿ. ಎದುರಾದ್ರೆ ಓಡಬೇಡಿ, ಅದರ ಓಟದ ಮುಂದೆ ಯಾರ ಓಟನೂ ನಡೆಯಲ್ಲ. ನಿಂತು, ಕೈ ಮೇಲೆತ್ತಿ, ಶಾಲು ಬಿಚ್ಚಿ ಅಗಲ ಹಿಡಿದು, ಗಟ್ಟಿಯಾಗಿ ಮಾತಾಡ್ತಾ, ಕನ್ನಡದಲ್ಲೇ ಬೈದ್ರೂ ಸರಿ, ನಿಧಾನಕ್ಕೆ ಹಿಂದೆ ಹೆಜ್ಜೆ ಇಡಿ. ಅದು ಗೊರಕೆ ಹೊಡೆದ ಹಾಗೆ ಉಸಿರು ಬಿಟ್ಟು ನೆಲಕ್ಕೆ ಕಾಲು ಬಡಿದ್ರೆ ತಾನೂ ಹೆದರಿದೀನಿ, ದೂರ ಹೋಗು ಅಂತ ಹೇಳ್ತಿದೆ ಅಂತ ಅರ್ಥ. ಮೈ ಮೇಲೆ ಬರೋದು ತೀರಾ ಅಪರೂಪ, ಬಂದ್ರೆ ಸತ್ತ ಹಾಗೆ ಮಲಗಬಾರದು, ಕೈಗೆ ಸಿಕ್ಕಿದ್ರಲ್ಲಿ ಮೂತಿಗೆ ಹೊಡೀಬೇಕು. ನಾಯಿ ಕರ್ಕೊಂಡು ಹೋಗೋದಾದ್ರೆ ಹಗ್ಗ ಬಿಚ್ಚಲೇಬೇಡಿ, ಬಿಟ್ಟ ನಾಯಿ ಕರಡಿ ಕೆಣಕಿ ಅದನ್ನ ನಿಮ್ಮ ಹತ್ರಕ್ಕೇ ಕರ್ಕೊಂಡು ಬರತ್ತೆ.

ಪ್ರಶ್ನೆ: ನಮ್ಮ ಕ್ಯಾಮೆರಾಲಿ ಪಕ್ಕದ ಮನೆ ಹಿತ್ತಲೂ ಕಾಣತ್ತೆ ಅಂತ ಅವರು ಬೇಜಾರು ಮಾಡ್ಕೊಂಡಿದಾರೆ. (ನ್ಯೂಯಾರ್ಕ್ ರಾಜ್ಯ)

ಉತ್ತರ: ಅವರು ಬೇಜಾರಾಗಿರೋದು ಸರಿನೇ. ಕ್ಯಾಮೆರಾ ತಿರುಗಿಸಿ, ಧ್ವನಿ ರೆಕಾರ್ಡ್ ಆಗೋದಿದ್ರೆ ಆಫ್ ಮಾಡಿ, ಮನುಷ್ಯರು ಬಂದಿರೋ ಫೋಟೋ ಅಳಿಸಿ. ಆಮೇಲೆ ಅವರ ಮನೆಗೇ ಹೋಗಿ ಕರಡಿ ಫೋಟೋ ತೋರಿಸಿ, ಯಾವ ದಿನ ಯಾವ ಹೊತ್ತಿಗೆ ಬರ್ತಿದೆ ಹೇಳಿ. ನೀವೊಬ್ಬರೇ ಡಬ್ಬ ಒಳಗಿಟ್ಟು ಅವರು ಆಚೆ ಇಟ್ರೆ ಕರಡಿ ಬಡಾವಣೆ ಬಿಡಲ್ಲ, ಹಾಗಾಗಿ ನಿಮಗೆ ಕರಡಿ ಫೋಟೋಗಿಂತ ಆ ನೆರೆಯವರ ಸ್ನೇಹ ಜಾಸ್ತಿ ಬೇಕು.

ಪ್ರಶ್ನೆ: ಚಳಿಗಾಲದಲ್ಲಿ ಕರಡಿ ಮಲಗಿರತ್ತಲ್ಲ, ಕ್ಯಾಮೆರಾ ತೆಗೆದಿಡಬಹುದಾ? ಇನ್ನೊಂದು, ನಮ್ಮ ಡೆಕ್ (ಮನೆಗೆ ಅಂಟಿದ ಮರದ ಜಗಲಿ) ಕೆಳಗೆ ನವೆಂಬರ್‌ನಿಂದ ಏನೋ ಎಲೆ ಎಲ್ಲಾ ಗುಡ್ಡೆ ಆಗಿದೆ, ಹೆಂಡತಿ ಕರಡಿ ಇರಬಹುದಾ ಅಂತಾಳೆ. (ಪೆನ್ಸಿಲ್ವೇನಿಯಾ)

ಉತ್ತರ: ತೆಗೆದಿಡಬೇಡಿ. ಎಲ್ಲಾ ಕರಡಿನೂ ಒಂದೇ ದಿನ ಮಲಗಲ್ಲ, ಗರ್ಭಿಣಿ ಹೆಣ್ಣು ಮೊದಲು ಹೋಗತ್ತೆ, ಗಂಡು ತಡ, ಊಟ ಸಿಗ್ತಾನೇ ಇದ್ರೆ ಕೆಲವು ಡಿಸೆಂಬರ್ ಜನವರಿಲೂ ಓಡಾಡ್ತಾವೆ. ಬ್ಯಾಟರಿ ಮಾತ್ರ ಲಿಥಿಯಂದು ಹಾಕಿ, ಸಾಮಾನ್ಯ ಸೆಲ್ ಆ ಚಳಿಗೆ ಬೇಗ ಕೈಕೊಡತ್ತೆ.

ಡೆಕ್ ವಿಷಯದಲ್ಲಿ ನಿಮ್ಮ ಮನೆಯವರ ಅನುಮಾನನ ಹಗುರವಾಗಿ ತಗೋಬೇಡಿ. ಕರಡಿ ಎಲೆ, ಕಡ್ಡಿ ಎಳ್ಕೊಂಡು ಬಂದು ಹಾಸಿಗೆ ಮಾಡ್ಕೊಳ್ಳೋದು ನಿಜ. ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ 2025ರ ಜನವರಿಲಿ ಕಾಳ್ಗಿಚ್ಚಿಗೆ ಮನೆ ಬಿಟ್ಟು ಹೋಗಿದ್ದವರು ವಾಪಸ್ ಬಂದು ನೋಡಿದ್ರೆ ಮನೆ ಕೆಳಗಿನ ಸಂದಿಲಿ 525 ಪೌಂಡ್ ತೂಕದ ಕರಡಿ ಸೇರ್ಕೊಂಡಿತ್ತು, ಬೋನಿಟ್ಟು ಹಿಡಿದು ಕಾಡಿಗೆ ಬಿಡಬೇಕಾಯ್ತು. ನೀವು ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡೋಕೆ ಹೋಗಬೇಡಿ, ಕೋಲು ಹಾಕಬೇಡಿ. ದೂರದಲ್ಲಿ, ಡೆಕ್ ಬಾಯಿ ಕಾಣೋ ಹಾಗೆ ಕ್ಯಾಮೆರಾ ಇಟ್ಟು ಒಂದು ವಾರ ಬಿಡಿ, ಜೊತೆಗೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಒಳಗೆ ಏನೋ ಇದೆ ಅಂತ ಗೊತ್ತಾಗೋ ಮುಂಚೆ ಹಲಗೆ ಹೊಡೆದು ಬಾಯಿ ಮುಚ್ಚಬೇಡಿ, ಗಂಡಾದ್ರೆ ಹಲಗೆ ಕಿತ್ತು ಬರತ್ತೆ, ಹೆಣ್ಣಾದ್ರೆ ಇನ್ನೂ ಕಷ್ಟ. ಮರಿ ಹುಟ್ಟೋದು ಜನವರಿ ಫೆಬ್ರವರಿಲಿ, ಅರ್ಧ ಕೆಜಿನೂ ತೂಗದ, ಕಣ್ಣು ಬಿಡದ ಕೂಸು. ಗಲಾಟೆಗೆ ತಾಯಿ ಬಿಟ್ಟು ಓಡಿಹೋದ್ರೆ ಆ ಚಳಿಲಿ ಬದುಕಲ್ಲ. ಇಲಾಖೆಯವರು ಹೆಣ್ಣು ಕರಡಿ ಇದೆ, ಹಾಗೇ ಬಿಡಿ ಅಂದ್ರೆ ಆ ಕಡೆ ನಾಯಿ ಬಿಡದೆ, ಸದ್ದು ಮಾಡದೆ ಇದ್ದುಬಿಡಿ. ಕ್ಯಾಮೆರಾಗೆ ಫೆಬ್ರವರಿ ಕೊನೆಲಿ ಒಂದು ಸಲ ಹೊಸ ಬ್ಯಾಟರಿ ಹಾಕಿ ದೂರ ಬಂದುಬಿಡಿ, ಮರಿ ಇದ್ರೆ ತಾಯಿ ಹಿಂದೆ ಅವು ಮೊದಲ ಸಲ ಆಚೆ ಕಾಲಿಡೋದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಅವು ಹೋದ ಮೇಲೆ, ಎರಡು ವಾರ ಯಾವ ಫೋಟೋನೂ ಬರದಿದ್ರೆ ಆಗ ಹಲಗೆ ಹೊಡೆಸಿ.